‘ಶುಗರ್ ಬಾರ್ಡರ್‌ನಲ್ಲಿದೆ’ ಅಂದರೆ ಏನು? ಊಟದ ತಟ್ಟೆಯಲ್ಲೇ ಇದೆ ಲೆಕ್ಕ

ಆಫೀಸಿನ ಹೆಲ್ತ್ ಚೆಕಪ್ ಇರಬಹುದು, ಬಡಾವಣೆಯ ಉಚಿತ ತಪಾಸಣೆ ಶಿಬಿರ ಇರಬಹುದು. ರಿಪೋರ್ಟ್ ಕೈಗೆ ಬಂದಾಗ ಒಂದು ಸಂಖ್ಯೆ ಮಾತ್ರ ದಪ್ಪ ಅಕ್ಷರದಲ್ಲಿರುತ್ತದೆ. ಡಾಕ್ಟರು ಅದಕ್ಕೆ ಪೆನ್ನಿನಿಂದ ಒಂದು ಸುತ್ತು ಹಾಕಿ, "ಶುಗರ್ ಬಾರ್ಡರ್‌ನಲ್ಲಿದೆ. ಈಗಲೇ ಮಾತ್ರೆ ಬೇಡ. ಊಟ-ತಿಂಡಿ ನೋಡ್ಕೊಳ್ಳಿ, ವಾಕಿಂಗ್ ಮಾಡಿ" ಅನ್ನುತ್ತಾರೆ. ಅಷ್ಟರಲ್ಲಿ ಮುಂದಿನ ಟೋಕನ್ ಕೂಗಿಯಾಗಿರುತ್ತದೆ.

ನನಗೂ ಹೀಗೇ ಆಯಿತು. ಮನೆಗೆ ಬಂದರೆ ಸಲಹೆಗಳ ಸುರಿಮಳೆ. "ಅನ್ನ ಬಿಟ್ಟು ಮುದ್ದೆ ತಿನ್ನಿ" ಅಂದರು ಅತ್ತೆ. ಪಕ್ಕದ ಮನೆಯವರದು ಹಾಗಲಕಾಯಿ ರಸ. ವಾಟ್ಸ್ಆ್ಯಪ್‌ನಲ್ಲಿ ಸಕ್ಕರೆ ಬದಲು ಬೆಲ್ಲ. ಎಲ್ಲರೂ ಒಳ್ಳೇದಕ್ಕೇ ಹೇಳಿದ್ದು. ಆದರೆ ‘ಯಾಕೆ’ ಅಂತ ಕೇಳಿದರೆ ಉತ್ತರ ಯಾರ ಹತ್ತಿರವೂ ಇರಲಿಲ್ಲ.

ಇದು ಒಬ್ಬಿಬ್ಬರ ಕಥೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ‘ಇಂಡಿಯಾಬ್’ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಬಾರ್ಡರ್‌ನಲ್ಲಿರುವವರು 13.6 ಕೋಟಿ. ಒಳಗೆ ಹೋದವರಿಗಿಂತ ಹೊಸ್ತಿಲ ಮೇಲೆ ನಿಂತವರೇ ಜಾಸ್ತಿ.

ರಿಪೋರ್ಟಿನ ಎರಡು ಸಂಖ್ಯೆಗಳು

ಸಾಮಾನ್ಯವಾಗಿ ಎರಡು ಪರೀಕ್ಷೆ ಮಾಡುತ್ತಾರೆ. ಮೊದಲನೆಯದು ಫಾಸ್ಟಿಂಗ್, ಅಂದರೆ ರಾತ್ರಿಯೆಲ್ಲ ಏನೂ ತಿನ್ನದೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕೊಡುವ ರಕ್ತ. ಒಂದು ಡೆಸಿಲೀಟರ್ ರಕ್ತದಲ್ಲಿ, ಅಂದರೆ 100 ಮಿಲಿಲೀಟರ್‌ನಲ್ಲಿ, ಎಷ್ಟು ಮಿಲಿಗ್ರಾಂ ಗ್ಲೂಕೋಸ್ ಇದೆ ಅಂತ ಅದು ಹೇಳುತ್ತದೆ. 100ಕ್ಕಿಂತ ಕಡಿಮೆ ಇದ್ದರೆ ಸರಿ. 100ರಿಂದ 125 ಬಾರ್ಡರ್. 126 ಅಥವಾ ಅದಕ್ಕಿಂತ ಹೆಚ್ಚು ಬಂದು, ಇನ್ನೊಂದು ಪರೀಕ್ಷೆಯಲ್ಲೂ ಅದೇ ಖಚಿತವಾದರೆ ಸಕ್ಕರೆ ಕಾಯಿಲೆ. (ವಿಶ್ವ ಆರೋಗ್ಯ ಸಂಸ್ಥೆ ಬಾರ್ಡರ್ ಎಣಿಸುವುದು 110ರಿಂದ. ಹಾಗಾಗಿ 104 ಬಂದಾಗ ಒಬ್ಬ ಡಾಕ್ಟರು ಎಚ್ಚರಿಸಿ, ಇನ್ನೊಬ್ಬರು ಸುಮ್ಮನಿದ್ದರೆ ಗಾಬರಿ ಬೇಡ.)

ಎರಡನೆಯದು ಎಚ್‌ಬಿಎ1ಸಿ. ಹೆಸರು ಕಷ್ಟ, ವಿಷಯ ಸುಲಭ. ರಕ್ತದಲ್ಲಿರುವ ಸಕ್ಕರೆ ಕೆಂಪು ರಕ್ತಕಣಗಳಿಗೆ ಮೆಲ್ಲಗೆ ಅಂಟಿಕೊಳ್ಳುತ್ತಾ ಹೋಗುತ್ತದೆ. ಒಂದು ಕಣ ಬದುಕುವುದು ಸುಮಾರು 120 ದಿನ. ಹಾಗಾಗಿ ಎಷ್ಟು ಅಂಟಿದೆ ಅಂತ ನೋಡಿದರೆ ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಿಗುತ್ತದೆ. ಶೇ 5.7ಕ್ಕಿಂತ ಕಡಿಮೆ ಸರಿ, 5.7ರಿಂದ 6.4 ಬಾರ್ಡರ್, 6.5ರಿಂದ ಮೇಲೆ ಕಾಯಿಲೆ.

ಫಾಸ್ಟಿಂಗ್ ಅನ್ನುವುದು ಇವತ್ತು ಬೆಳಗ್ಗೆ ಕಾಲುವೆಯಲ್ಲಿ ನೀರು ಎಷ್ಟಿದೆ ಅಂತ ಇಣುಕಿ ನೋಡಿದ ಹಾಗೆ. ಎಚ್‌ಬಿಎ1ಸಿ ಅನ್ನುವುದು ಕಾಲುವೆ ದಡದ ಕಲ್ಲಿನ ಮೇಲೆ ಉಳಿದ ನೀರಿನ ಗುರುತು. ಒಂದು ಎಚ್ಚರಿಕೆ: ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇದ್ದರೆ ಈ ಗುರುತು ಸ್ವಲ್ಪ ಮೇಲೆ ಕಾಣಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ಈ ಕೊರತೆ ಜಾಸ್ತಿ ಅಲ್ವಾ? ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಡಾಕ್ಟರಿಗೆ ಅದನ್ನೂ ತೋರಿಸಿ.

ಇಡೀ ಮೈಯ ರಕ್ತದಲ್ಲಿ ಒಂದು ಚಮಚ

ಈ ವಿಷಯ ಓದುವಾಗ ನನ್ನನ್ನು ಬೆಚ್ಚಿಬೀಳಿಸಿದ ಲೆಕ್ಕ ಒಂದೇ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಡೆಸಿಲೀಟರಿಗೆ 100 ಮಿಲಿಗ್ರಾಂ ಅಂದರೆ ಒಟ್ಟು 5 ಗ್ರಾಂ ಸಕ್ಕರೆ. ಒಂದು ಟೀ ಚಮಚ, ಅಷ್ಟೇ! ಅದು ಒಂದೂಕಾಲು ಚಮಚವಾದರೆ ಕಾಯಿಲೆ ಅನ್ನುತ್ತೇವೆ. ದೇಹ ಅಷ್ಟು ಕಟ್ಟುನಿಟ್ಟು.

ಈಗ ಊಟ ನೋಡಿ. ಅನ್ನ, ಮುದ್ದೆ, ರೊಟ್ಟಿ, ಚಪಾತಿ, ಇಡ್ಲಿ, ಅವಲಕ್ಕಿ ಎಲ್ಲದರಲ್ಲೂ ಜಾಸ್ತಿ ಇರುವುದು ಪಿಷ್ಟ. ಪಿಷ್ಟ ಅಂದರೆ ಸಾವಿರಾರು ಗ್ಲೂಕೋಸ್ ಮಣಿಗಳನ್ನು ಪೋಣಿಸಿದ ಸರ. ಬಾಯಿ ಮತ್ತು ಕರುಳಿನ ರಸಗಳು ಆ ಸರ ಕತ್ತರಿಸಿ ಮಣಿಗಳನ್ನು ಬಿಡಿಸುತ್ತವೆ. ಅನ್ನವನ್ನು ಚೆನ್ನಾಗಿ ಅಗಿದರೆ ಕೊನೆಗೆ ಸಿಹಿಯಾಗುವುದು ಅದಕ್ಕೇ. ಬಿಡಿ ಮಣಿಗಳು ರಕ್ತಕ್ಕೆ ಇಳಿಯುತ್ತವೆ.

ಬೇಯಿಸಿದ 100 ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ ಪಿಷ್ಟ ಇರುತ್ತದೆ. ಅಂದರೆ ಐದೂವರೆ ಚಮಚ. ಒಂದೇ ಚಮಚ ಇರಬೇಕಾದ ಜಾಗಕ್ಕೆ ಅಷ್ಟೊಂದು ಬಂದು ಬೀಳುತ್ತದೆ. ಆದರೂ ಆರೋಗ್ಯವಂತರಲ್ಲಿ ಎರಡು ಗಂಟೆಯೊಳಗೆ ಎಲ್ಲ ಮೊದಲಿನಂತಾಗುತ್ತದೆ. ಹೇಗೆ?

ನೀರುಗಂಟಿಯ ಕೆಲಸ

ಹಳೇ ಮೈಸೂರು ಕಡೆ ಕೆರೆ ಇದ್ದ ಊರುಗಳಲ್ಲಿ ನೀರುಗಂಟಿ ಅಂತ ಒಬ್ಬರು ಇರುತ್ತಿದ್ದರು. ತೂಬು ಎತ್ತುವುದು, ಕಾಲುವೆ ಕಾಯುವುದು, ಬದು ಕಡಿದು ಒಂದೊಂದೇ ಗದ್ದೆಗೆ ನೀರು ತಿರುಗಿಸುವುದು ಅವರ ಕೆಲಸ. ಅವರಿಲ್ಲದಿದ್ದರೆ ಕಾಲುವೆ ಉಕ್ಕುತ್ತದೆ, ಗದ್ದೆ ಒಣಗುತ್ತದೆ.

ರಕ್ತ ಅಂದರೆ ಆ ಕಾಲುವೆ. ಸಕ್ಕರೆ ನೀರು. ಗದ್ದೆಗಳು ಜೀವಕೋಶಗಳು, ಅದರಲ್ಲೂ ತೊಡೆ, ಬೆನ್ನು, ತೋಳಿನ ಸ್ನಾಯುಗಳು. ನೀರುಗಂಟಿಯೇ ಇನ್ಸುಲಿನ್. ಜಠರದ ಹಿಂದಿರುವ ಮೇದೋಜೀರಕ ಗ್ರಂಥಿ ಊಟ ಮಾಡಿದ ಕೂಡಲೇ ಅದನ್ನು ಕಳಿಸುತ್ತದೆ. ಅದು ಗದ್ದೆಗಳ ಬಾಯಿ ತೆರೆಸುತ್ತದೆ, ಸಕ್ಕರೆ ಒಳಗೆ ಹೋಗುತ್ತದೆ.

ಇನ್ನು ಕೆರೆ ಯಾವುದು? ಲಿವರ್. ಊಟದ ಹೊತ್ತಿಗೆ ಹೆಚ್ಚಾದ ಸಕ್ಕರೆಯನ್ನು ಅದು ತುಂಬಿಟ್ಟುಕೊಳ್ಳುತ್ತದೆ, ಸುಮಾರು 100 ಗ್ರಾಂ ಹಿಡಿಯಬಲ್ಲದು. ರಾತ್ರಿ ನಾವು ಮಲಗಿದಾಗ ಸ್ವಲ್ಪ ಸ್ವಲ್ಪವೇ ಹೊರಗೆ ಬಿಡುತ್ತದೆ, ಮಿದುಳಿಗೆ ಬೇಕಲ್ಲ. ಕೆರೆಯೂ ಗದ್ದೆಯೂ ತುಂಬಿದ ಮೇಲೆ ಉಳಿದದ್ದು ಕೊಬ್ಬಾಗುತ್ತದೆ.

ತೊಂದರೆ ಶುರುವಾಗುವುದು ಇಲ್ಲಿ. ದಿನವಿಡೀ ಕೂತೇ ಇದ್ದರೆ ಸ್ನಾಯುಗಳು ಸಕ್ಕರೆ ಖರ್ಚು ಮಾಡುವುದಿಲ್ಲ. ಗದ್ದೆ ಆಗಲೇ ತುಂಬಿದೆ, ಇನ್ನಷ್ಟು ನೀರು ಯಾಕೆ ಬಿಟ್ಟುಕೊಳ್ಳುತ್ತದೆ? ಜೊತೆಗೆ ಲಿವರ್‌ನಲ್ಲಿ, ಸ್ನಾಯುಗಳಲ್ಲಿ ಕೊಬ್ಬು ಸೇರಿಕೊಂಡರೆ ಅದು ಹೂಳಿನ ಹಾಗೆ. ನೀರುಗಂಟಿ ಕೂಗಿದರೂ ಬಾಯಿ ಸರಿಯಾಗಿ ತೆರೆಯುವುದಿಲ್ಲ. ಇದನ್ನೇ ಡಾಕ್ಟರುಗಳು ಇನ್ಸುಲಿನ್ ರೆಸಿಸ್ಟೆನ್ಸ್ ಅನ್ನುವುದು.

ಗ್ರಂಥಿ ಏನು ಮಾಡುತ್ತದೆ? ಒಬ್ಬ ನೀರುಗಂಟಿ ಸಾಲದಿದ್ದರೆ ಇಬ್ಬರನ್ನು ಕಳಿಸುತ್ತದೆ, ಆಮೇಲೆ ನಾಲ್ಕು ಜನ. ಹೀಗೇ ವರ್ಷಗಟ್ಟಲೆ ನಡೆಯುತ್ತದೆ. ಅಲ್ಲಿಯವರೆಗೂ ರಿಪೋರ್ಟ್ ನಾರ್ಮಲ್ ಅಂತಲೇ ಬರುತ್ತದೆ! ಎಷ್ಟು ಜನರನ್ನು ಕಳಿಸಿದರೂ ಕಾಲುವೆಯ ಮಟ್ಟ ಇಳಿಯುತ್ತಿಲ್ಲ ಅನ್ನುವ ಹಂತ ಬಂದಾಗ 104, 108 ಅಂತ ಸಂಖ್ಯೆ ಕಾಣಿಸುತ್ತದೆ. ಅದೇ ಬಾರ್ಡರ್.

"ರಾತ್ರಿ ಊಟವನ್ನೇ ಬಿಟ್ಟಿದ್ದೆ, ಆದ್ರೂ ಬೆಳಗ್ಗೆ ಶುಗರ್ ಜಾಸ್ತಿ ಬಂತು" ಅಂತ ಹೇಳುವವರಿದ್ದಾರೆ. ಅದು ಕೆರೆಯ ಕೆಲಸ. ಬೆಳಗಿನ ಜಾವ ದೇಹ ಏಳಲು ತಯಾರಾಗುವಾಗ ಲಿವರ್ ಸಕ್ಕರೆ ಬಿಡುತ್ತದೆ. ಇನ್ಸುಲಿನ್ ಮಾತು ನಡೆಯದಿದ್ದರೆ ತೂಬು ಬೇಕಾದ್ದಕ್ಕಿಂತ ಜಾಸ್ತಿಯೇ ತೆರೆದಿರುತ್ತದೆ.

ಸಣ್ಣಗಿದ್ದವರಿಗೆ ಯಾಕೆ?

"ನಾನೇನು ದಪ್ಪ ಇಲ್ವಲ್ಲ" ಅನ್ನುವುದು ಸಾಮಾನ್ಯ ಪ್ರಶ್ನೆ. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಪುಟದ ಲೇಖನ ಬಂತು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ಇಬ್ಬರೂ ತಮ್ಮದೇ ಫೋಟೋ ಹಾಕಿದ್ದರು. ಎತ್ತರಕ್ಕೆ ತಕ್ಕ ತೂಕದ ಅಳತೆ, ಅಂದರೆ ಬಿಎಂಐ, ಇಬ್ಬರದೂ 22.3. ನೋಡಲು ಇಬ್ಬರೂ ಸಣ್ಣಗೇ. ಆದರೆ ಮೈಯಲ್ಲಿದ್ದ ಕೊಬ್ಬು ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2.

ಭಾರತೀಯರಲ್ಲಿ ಅದೇ ತೂಕಕ್ಕೆ ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ. ಅದೂ ಹೊಟ್ಟೆಯ ಸುತ್ತ. ಹಾಗಾಗಿ ತೂಕದ ಯಂತ್ರಕ್ಕಿಂತ ಟೈಲರ್ ಟೇಪು ನಂಬಿ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮುಟ್ಟಿದರೆ ಗಮನ ಕೊಡಬೇಕು ಅನ್ನುವುದು ನಮ್ಮವರಿಗಾಗಿ ಹಾಕಿದ ಗೆರೆ. ಪ್ಯಾಂಟಿನ ಸೈಜ್ ನೋಡಿ ಅಳತೆ ಹೇಳಬೇಡಿ, ಅದನ್ನು ಹೊಟ್ಟೆಯ ಕೆಳಗೆ ಕಟ್ಟಿರುತ್ತೇವೆ.

ನನ್ನ ತಟ್ಟೆಯನ್ನು ತೂಗಿದೆ

ಒಂದು ಭಾನುವಾರ ಅಡುಗೆಮನೆಯ ಪುಟ್ಟ ತಕ್ಕಡಿ ಇಟ್ಟುಕೊಂಡು ನನ್ನ ಮಧ್ಯಾಹ್ನದ ಊಟ ತೂಗಿದೆ. ಎಂದಿನಂತೆಯೇ ಬಡಿಸಿಕೊಂಡಿದ್ದು. ಮೊದಲು ಸಾರನ್ನ, ಆಮೇಲೆ ಮೊಸರನ್ನ. ಅನ್ನ ಒಟ್ಟು 350 ಗ್ರಾಂ. ಬೀನ್ಸ್ ಪಲ್ಯ 55 ಗ್ರಾಂ, ಅಂದರೆ ದೊಡ್ಡ ಚಮಚದಲ್ಲಿ ಎರಡು ಸಲ. ಸಾರು ಒಂದೂವರೆ ಸೌಟು. ಆದರೆ ನಾಲ್ಕು ಜನರ ಆ ಸಾರಿಗೆ ಹಾಕಿದ್ದು ಒಂದು ಹಿಡಿ ತೊಗರಿಬೇಳೆ.

350 ಗ್ರಾಂ ಅನ್ನ ಅಂದರೆ ಸುಮಾರು 98 ಗ್ರಾಂ ಪಿಷ್ಟ, ಹೆಚ್ಚುಕಡಿಮೆ 20 ಚಮಚ. ಸಿಹಿ ಮುಟ್ಟಿಲ್ಲ, ಕರಿದದ್ದು ಮುಟ್ಟಿಲ್ಲ. ‘ಮನೆ ಊಟ’ ಅಂತ ಹೆಮ್ಮೆಯಿಂದ ತಿಂದದ್ದು.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ (ಎನ್‌ಐಎನ್) 2024ರ ಮೇ ತಿಂಗಳಲ್ಲಿ ಭಾರತೀಯರಿಗಾಗಿ ಹೊಸ ಆಹಾರ ಮಾರ್ಗಸೂಚಿ ಹೊರತಂದಿತು. ದಿನಕ್ಕೆ 2,000 ಕ್ಯಾಲರಿ ಬೇಕಾದವರಿಗೆ ಅದು ಹೇಳುವ ಅಳತೆ ಹೀಗಿದೆ: ಅಕ್ಕಿ, ಗೋಧಿ, ರಾಗಿ, ಜೋಳ ಎಲ್ಲ ಸೇರಿ 250 ಗ್ರಾಂ. ಬೇಳೆಕಾಳು 85 ಗ್ರಾಂ, ಮಾಂಸಾಹಾರಿಗಳಾದರೆ ಮೊಟ್ಟೆ, ಮೀನು, ಮಾಂಸವೂ ಅದರಲ್ಲೇ. ತರಕಾರಿ-ಸೊಪ್ಪು 400 ಗ್ರಾಂ. ಹಣ್ಣು 100 ಗ್ರಾಂ. ಹಾಲು-ಮೊಸರು 300 ಮಿಲಿಲೀಟರ್. ಕಡಲೆಬೀಜ, ಎಳ್ಳಿನಂಥವು 35 ಗ್ರಾಂ. ಎಣ್ಣೆ-ತುಪ್ಪ 27 ಗ್ರಾಂ. ಧಾನ್ಯ ಮತ್ತು ಬೇಳೆಯದು ಬೇಯಿಸುವ ಮೊದಲಿನ ತೂಕ.

ನನ್ನ 350 ಗ್ರಾಂ ಅನ್ನಕ್ಕೆ ಬೇಕಾದ ಅಕ್ಕಿ ಸುಮಾರು 130 ಗ್ರಾಂ. ದಿನದ ಪಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಹೊತ್ತಿಗೆ ಮುಗಿಯಿತು. ಬೆಳಗ್ಗೆ ಚಿತ್ರಾನ್ನ ತಿಂದಾಗಿತ್ತು, ರಾತ್ರಿ ಚಪಾತಿ ಇನ್ನೂ ಬಾಕಿ ಇತ್ತು. ಇನ್ನೊಂದು ಕಡೆ 400 ಗ್ರಾಂ ತರಕಾರಿಯಲ್ಲಿ ನನ್ನ ಲೆಕ್ಕಕ್ಕೆ ಬಂದದ್ದು 55. ಬೇಳೆ ಬಗ್ಗೆ ಮಾತಾಡದಿರುವುದೇ ವಾಸಿ.

ನಮ್ಮ ಊಟದಲ್ಲಿ ಕೆಟ್ಟ ಪದಾರ್ಥ ಇಲ್ಲ. ಅಳತೆ ಮಾತ್ರ ತಲೆಕೆಳಗಾಗಿದೆ. ಅನ್ನಕ್ಕೆ ಪಲ್ಯ ನೆಂಚಿಕೊಳ್ಳುತ್ತೇವೆ. ಪಲ್ಯಕ್ಕೆ ಅನ್ನ ನೆಂಚಿಕೊಂಡರೆ ಲೆಕ್ಕ ಸರಿಹೋಗುತ್ತದೆ.

ಇದಕ್ಕೆ ಹೊಸ ಅಡುಗೆ ಕಲಿಯಬೇಕಾಗಿಲ್ಲ. ಬಸ್ಸಾರು ನೋಡಿ. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ, ನೀರು ಬಸಿದು ಸಾರು, ಬಸಿದದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ. ಒಂದು ಬಟ್ಟಲು ತುಂಬ ಪಲ್ಯ, ಒಂದು ಚಿಕ್ಕ ಮುದ್ದೆ ಇಟ್ಟುಕೊಂಡರೆ ಅಲ್ಲಿಗೆ ತಟ್ಟೆ ಸರಿಯಾಯಿತು. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿ ಜೊತೆ ಮಡಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಹಸಿ ಮೆಂತ್ಯ ಸೊಪ್ಪು, ಮೂಲಂಗಿ ಕೊಡುತ್ತಾರೆ. ಅದೂ ಅಷ್ಟೇ ಚೆನ್ನ, ಮೂರನೇ ರೊಟ್ಟಿ ಕೇಳದಿದ್ದರೆ. ಕರಾವಳಿಯವರಿಗೆ ಕುಚ್ಚಲಕ್ಕಿ ಅನ್ನ ಕಡಿಮೆ ಮಾಡಿ ಮೀನು, ಹೆಸರುಕಾಳು ಗಸಿ ಜಾಸ್ತಿ ಮಾಡಿಕೊಳ್ಳುವುದು ಕಷ್ಟವಲ್ಲ.

ಮುದ್ದೆ, ಸಿರಿಧಾನ್ಯ, ಬೆಲ್ಲ

"ರಾಗಿಯಲ್ಲಿ ಶುಗರ್ ಇಲ್ಲ" ಅನ್ನುವ ನಂಬಿಕೆ ಗಟ್ಟಿಯಾಗಿದೆ. ಎನ್‌ಐಎನ್‌ನ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ (ಬಹುಪಾಲು ಪಿಷ್ಟವೇ), ಪಾಲಿಶ್ ಮಾಡಿದ ಅಕ್ಕಿಯಲ್ಲಿ 78. ವ್ಯತ್ಯಾಸ ಇದೆ, ಆದರೆ ಆಕಾಶ-ಭೂಮಿಯಷ್ಟಲ್ಲ. ರಾಗಿ ಗೆಲ್ಲುವುದು ನಾರಿನಲ್ಲಿ, ಸುಮಾರು 11 ಗ್ರಾಂ. ಅಕ್ಕಿಯಲ್ಲಿ 3ಕ್ಕಿಂತ ಕಡಿಮೆ. ಕ್ಯಾಲ್ಸಿಯಂ ಅಂತೂ ರಾಗಿಯಲ್ಲಿ 364 ಮಿಲಿಗ್ರಾಂ, ಅಕ್ಕಿಯಲ್ಲಿ 10 ಕೂಡ ಇಲ್ಲ.

ನಾರು ಯಾಕೆ ಮುಖ್ಯ? ಅದು ನಮಗೆ ಜೀರ್ಣವಾಗುವುದಿಲ್ಲ. ಕರುಳಿನಲ್ಲಿ ಪಿಷ್ಟದ ಮಧ್ಯೆ ಅಡ್ಡ ನಿಂತು ಮಣಿಗಳು ನಿಧಾನವಾಗಿ ಬಿಡಿಸಿಕೊಳ್ಳುವಂತೆ ಮಾಡುತ್ತದೆ. ಕಾಲುವೆಗೆ ಒಮ್ಮೆಲೇ ಪ್ರವಾಹ ಬರುವುದಿಲ್ಲ. ಧಾನ್ಯವನ್ನು ನುಣ್ಣಗೆ ಬೀಸಿ, ಜರಡಿ ಹಿಡಿದು, ತೆಳ್ಳಗೆ ಬೇಯಿಸಿದಷ್ಟೂ ಈ ಅಡ್ಡಗಾಲು ಕಮ್ಮಿಯಾಗುತ್ತದೆ. ಹಾಗಾಗಿ ಮುದ್ದೆಯೂ ಜರಡಿ ಹಿಡಿದ ಹಿಟ್ಟಿನ ರಾಗಿ ಮಾಲ್ಟೂ ಒಂದೇ ಅಲ್ಲ. ಮಾಲ್ಟಿಗೆ ಎರಡು ಚಮಚ ಬೆಲ್ಲ ಹಾಕಿದರೆ ಕೇಳುವುದೇ ಬೇಡ.

ನವಣೆ, ಸಾಮೆಗೂ ಇದೇ ಮಾತು. ಒಳ್ಳೆಯ ಧಾನ್ಯಗಳೇ, ಆದರೆ ಧಾನ್ಯಗಳೇ. ‘ಸಿರಿಧಾನ್ಯ ಬಿಸ್ಕೆಟ್’ ಕೊಳ್ಳುವಾಗ ಪ್ಯಾಕೆಟ್ ತಿರುಗಿಸಿ ನೋಡಿ. ಪದಾರ್ಥಗಳನ್ನು ತೂಕ ಜಾಸ್ತಿ ಇರುವುದರಿಂದ ಕಡಿಮೆಯ ಕಡೆಗೆ ಬರೆದಿರುತ್ತಾರೆ. ಮೊದಲ ಹೆಸರು ಮೈದಾ ಆಗಿದ್ದರೆ ಮುಂಭಾಗದ ಚಿತ್ರಕ್ಕೆ ಮರುಳಾಗಬೇಡಿ.

ಬೆಲ್ಲವೂ ಬಹುಪಾಲು ಅದೇ ಸಕ್ಕರೆ, ಬಣ್ಣ ಮತ್ತು ರುಚಿ ಬೇರೆ. ಜೇನುತುಪ್ಪವೂ ಸಕ್ಕರೆಯೇ. ಹಾಗಲಕಾಯಿ ತರಕಾರಿಯಾಗಿ ಚೆನ್ನಾಗಿದೆ, ಗೊಜ್ಜು ಮಾಡಿ ತಿನ್ನಿ. ಮೂರು ಹೊತ್ತಿನ ಅನ್ನದ ಲೆಕ್ಕವನ್ನು ಒಂದು ಲೋಟ ರಸ ತೀರಿಸುವುದಿಲ್ಲ.

ಮೊದಲು ಕೋಸಂಬರಿ

ಬಾಳೆಎಲೆ ಊಟದಲ್ಲಿ ಕೋಸಂಬರಿ, ಪಲ್ಯ ಮೊದಲು ಬರುತ್ತವೆ. ಅನ್ನ ಆಮೇಲೆ. ಈ ಕ್ರಮಕ್ಕೆ ದೇಹದ ಲೆಕ್ಕದಲ್ಲೂ ಅರ್ಥವಿದೆ. 2015ರಲ್ಲಿ ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು ಸಕ್ಕರೆ ಕಾಯಿಲೆಯಿದ್ದ 11 ಜನರಿಗೆ ಒಂದೇ ಊಟವನ್ನು ಎರಡು ರೀತಿ ಕೊಟ್ಟರು. ಒಂದು ದಿನ ಬ್ರೆಡ್, ಹಣ್ಣಿನ ರಸ ಮೊದಲು. ಇನ್ನೊಂದು ದಿನ ತರಕಾರಿ, ಕೋಳಿಮಾಂಸ ಮೊದಲು, ಕಾಲು ಗಂಟೆಯ ನಂತರ ಬ್ರೆಡ್. ಎರಡನೇ ಕ್ರಮದಲ್ಲಿ ಒಂದು ಗಂಟೆಯ ಹೊತ್ತಿನ ಶುಗರ್ ಸುಮಾರು ಮೂರನೇ ಒಂದು ಭಾಗ ಕಡಿಮೆ ಇತ್ತು. ಚಿಕ್ಕ ಪರೀಕ್ಷೆ ನಿಜ, ಆದರೆ ಕಾರಣ ಸ್ಪಷ್ಟ. ನಾರು ಮತ್ತು ಪ್ರೋಟೀನ್ ಮೊದಲು ಹೋದರೆ ಜಠರ ನಿಧಾನವಾಗಿ ಖಾಲಿಯಾಗುತ್ತದೆ.

ಹಬ್ಬದಲ್ಲಿ ನಾವು ಎಲೆ ತುದಿಯ ಒಂದು ಚಮಚ ಕೋಸಂಬರಿ ಇಟ್ಟುಕೊಂಡು ಅನ್ನಕ್ಕೆ ಕಾಯುತ್ತೇವೆ. ಅದನ್ನೇ ದಿನವೂ ಒಂದು ಬಟ್ಟಲು ಮಾಡಿಕೊಳ್ಳಬಹುದು. ಬೆಳಗ್ಗೆ ಹೆಸರುಬೇಳೆ ನೆನೆಹಾಕಿ ಕೆಲಸಕ್ಕೆ ಹೋಗಿ, ಸಂಜೆ ಬಂದು ಸೌತೆಕಾಯಿ ಹೆಚ್ಚಿ, ನಿಂಬೆಹಣ್ಣು ಹಿಂಡಿ, ಸಾಸಿವೆ-ಇಂಗಿನ ಒಗ್ಗರಣೆ. ಒಲೆಯ ಕೆಲಸ ಎರಡೇ ನಿಮಿಷ.

ಊಟ ಆದ ಮೇಲಿನ ಕಾಲು ಗಂಟೆ

ನೀರುಗಂಟಿ ಇಲ್ಲದೆಯೂ ಗದ್ದೆಗೆ ನೀರು ಹೋಗುವ ಒಂದು ದಾರಿ ಇದೆ. ಸ್ನಾಯು ಕೆಲಸ ಮಾಡುತ್ತಿರುವಾಗ ಇನ್ಸುಲಿನ್‌ಗೆ ಕಾಯದೆ ತಾನೇ ಬಾಯಿ ತೆರೆದು ಸಕ್ಕರೆ ಎಳೆದುಕೊಳ್ಳುತ್ತದೆ. ಊಟದ ನಂತರ ನಡೆಯಿರಿ ಅನ್ನುವುದು ಅದಕ್ಕೇ. ಶುಗರ್ ಏರುವ ಹೊತ್ತಿಗೇ ತೊಡೆಯ ಸ್ನಾಯುಗಳು ಖರ್ಚಿಗೆ ನಿಂತಿರುತ್ತವೆ. ಹತ್ತು-ಹದಿನೈದು ನಿಮಿಷ ಸಾಕು. ಬೀದಿನಾಯಿ ಕಾಟವಿದ್ದರೆ ಟೆರೇಸಿನ ಮೇಲೆ ಓಡಾಡಿ, ಪಾತ್ರೆ ತೊಳೆದು ಅಡುಗೆಮನೆ ಒರೆಸಿದರೂ ಆಯಿತು. (ಇದನ್ನು ಮನೆಯ ಗಂಡಸರು ಗಮನವಿಟ್ಟು ಓದಲಿ.)

ನಿದ್ದೆಗೂ ಇದಕ್ಕೂ ಸಂಬಂಧವಿದೆ. 1999ರಲ್ಲಿ ಷಿಕಾಗೋದಲ್ಲಿ 11 ಜನ ಆರೋಗ್ಯವಂತ ಯುವಕರಿಗೆ ಆರು ರಾತ್ರಿ ನಾಲ್ಕೇ ಗಂಟೆ ನಿದ್ದೆಗೆ ಬಿಟ್ಟು ನೋಡಿದರು. ಅವರ ದೇಹ ಸಕ್ಕರೆ ನಿಭಾಯಿಸುವ ವೇಗ ಎದ್ದು ಕಾಣುವಷ್ಟು ಕುಗ್ಗಿತು. ನಿದ್ದೆಗೆಟ್ಟಾಗ, ಟೆನ್ಷನ್ ಇದ್ದಾಗ ಕಾರ್ಟಿಸಾಲ್ ಅನ್ನುವ ರಸ ಏರುತ್ತದೆ. ಅದು ಲಿವರ್‌ಗೆ ತೂಬು ಎತ್ತಲು ಹೇಳುತ್ತದೆ. ರಾತ್ರಿ ಪಾಳಿಯವರಿಗೆ ಈ ಕಷ್ಟ ಜಾಸ್ತಿ.

ಇಷ್ಟೆಲ್ಲ ಮಾಡಿದರೆ ನಿಜವಾಗಿ ಉಪಯೋಗವಾಗುತ್ತದಾ? ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ ಬಾರ್ಡರ್‌ನಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಏನೂ ಬದಲಾಯಿಸದವರಲ್ಲಿ ಶೇ 55 ಜನರಿಗೆ ಕಾಯಿಲೆ ಬಂತು. ಊಟ ಸರಿ ಮಾಡಿಕೊಂಡು ನಡೆದವರಲ್ಲಿ ಶೇ 39. ಪೂರ್ತಿ ತಪ್ಪಲಿಲ್ಲ, ಅದನ್ನೂ ಹೇಳಬೇಕು. ಆದರೆ ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಿಗೆ ಸಿಕ್ಕಷ್ಟೇ ಲಾಭ ಇವರಿಗೂ ಸಿಕ್ಕಿತು.

ಮತ್ತೆ ಪರೀಕ್ಷೆ ಯಾವಾಗ?

ಆಗಲೇ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ಅನ್ನ ಕಡಿಮೆ ಮಾಡುವ ಮೊದಲು ಡಾಕ್ಟರನ್ನು ಕೇಳಲೇಬೇಕು, ಶುಗರ್ ತೀರಾ ಇಳಿದುಬಿಡಬಹುದು. ಬಸುರಿಯರಿಗೆ ಬೇರೆಯೇ ಲೆಕ್ಕ. ಪದೇ ಪದೇ ಮೂತ್ರ, ತೀರದ ಬಾಯಾರಿಕೆ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಕಾಯಬೇಡಿ.

ಉಳಿದವರು ಎಚ್‌ಬಿಎ1ಸಿ ಮತ್ತೆ ಮಾಡಿಸುವುದು ಮೂರು ತಿಂಗಳ ನಂತರ, ಡಾಕ್ಟರು ಬೇರೆ ಹೇಳದಿದ್ದರೆ. ಹದಿನೈದು ದಿನಕ್ಕೇ ಹೋದರೆ ಹಳೆಯ ಕಣಗಳೇ ಇನ್ನೂ ರಕ್ತದಲ್ಲಿ ಓಡಾಡುತ್ತಿರುತ್ತವೆ, ಹಳೆಯ ಕಥೆಯನ್ನೇ ಹೇಳುತ್ತವೆ. ನನಗೆ ಗೊತ್ತಿರುವ ಒಬ್ಬರು ಪರೀಕ್ಷೆಗೆ ನಾಲ್ಕು ದಿನ ಮೊದಲು ಅನ್ನ ಬಿಟ್ಟು ಸೌತೆಕಾಯಿಯಲ್ಲೇ ದಿನ ದೂಡಿದರು. ಫಾಸ್ಟಿಂಗ್ 98 ಬಂತು, ಖುಷಿಯಾದರು. ಎಚ್‌ಬಿಎ1ಸಿ 6.2 ಅಂತಲೇ ಇತ್ತು. ಆ ಹಿಂದಿನ ತಿಂಗಳು ಎರಡು ಮದುವೆ, ಒಂದು ಗೃಹಪ್ರವೇಶ.